ಫೋರ್ಕಿನ ತೋಳಿಗೆ ಗವಸು ತೊಡಿಸುವ ಕೆಲಸ

(ಸಂಘದ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ಮೇಜಿನ ಹಿಂದೆ ನಿಂತು ದಾಸರ ಪದಗಳನ್ನು ಕುರಿತು ಮಾತನಾಡಿದವರುಂಟು. ಊರಿನ ಜಮೀನಿನ ಉತಾರೆ ತೆಗೆಸುವ ಬಗೆಯನ್ನು ಹೇಳಿಕೊಟ್ಟವರೂ ಉಂಟು. ನಾವು ಇಂದು ಒಂದು ಗವಸನ್ನು ಕುರಿತು ಮಾತನಾಡಲು ನಿಂತಿದ್ದೇವೆ. ಅದು ಕೈಗವಸಲ್ಲ, ಫೋರ್ಕ್‌ಲಿಫ್ಟ್ ಗಾಡಿಯ ಮುಂದೆ ಚಾಚಿಕೊಂಡಿರುವ ಎರಡು ಉಕ್ಕಿನ ತೋಳುಗಳಿಗೆ ತೊಡಿಸುವ ಗವಸು. ವಿಷಯ ಬಹಳ ಚಿಕ್ಕದೆಂದು ತೋರಬಹುದು. ಆದರೆ ಇಲ್ಲಿ ಕುಳಿತವರಲ್ಲಿ ಭಿವಂಡಿಯ ಗೋದಾಮುಗಳಿಗೆ, ತಳೋಜೆಯ ಕಾರಖಾನೆಗಳಿಗೆ, ನ್ಹಾವಾ ಶೇವಾ ಬಂದರದ ಕಡೆಯ ಕಂಟೇನರ್ ಅಂಗಳಗಳಿಗೆ ದಿನವೂ ಹೋಗಿಬರುವವರು ಅನೇಕರಿದ್ದೀರಿ. ಗಾಡಿ ಓಡಿಸುವವರಿದ್ದೀರಿ, ಅದರ ಪಕ್ಕದಲ್ಲಿ ಪ್ಯಾಲೆಟ್ ಸರಿಪಡಿಸುತ್ತ ನಿಲ್ಲುವ ಹೆಲ್ಪರರಿದ್ದೀರಿ, ನಮ್ಮಂತೆ ನಷ್ಟದ ರಜಿಸ್ಟರ್ ಬರೆಯುವ ಕಾರಕೂನರೂ ಇದ್ದೀರಿ. ಈ ಮೂವರಿಗೂ ಈ ಗವಸಿನಿಂದ ಲಾಭವುಂಟು. ಸರಿಯಾಗಿ ತೊಡಿಸದಿದ್ದರೆ ಮೂವರಿಗೂ ತೊಂದರೆಯುಂಟು.

ನಾವು ಇಂಜಿನಿಯರರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯೊಂದರ ಸ್ಟೋರ್ ಖಾತೆಯಲ್ಲಿ ಕುಳಿತವರು. ಬೇಕಾದ ಸಾಮಾನಿಗೆ ಇಂಡೆಂಟ್ ಬರೆಯುವುದು, ಬಂದದ್ದನ್ನು ಅಳೆದು ತೆಗೆದುಕೊಳ್ಳುವುದು, ಫಿಟ್ಟರನು ತೊಡಿಸುವಾಗ ಹತ್ತಿರ ನಿಂತು ಸಹಿ ಪಡೆಯುವುದು, ಹರಿದ ಪೆಟ್ಟಿಗೆಗಳ ಲೆಕ್ಕ ಬರೆಯುವುದು ನಮ್ಮ ಉದ್ಯೋಗ. ಇಂದು ಹೇಳುವುದರಲ್ಲಿ ಅರ್ಧ ಅಲ್ಲಿ ಕಂಡದ್ದು. ಉಳಿದರ್ಧ ಗಾಡಿಯ ಜತೆಗೆ ಬರುವ, ಯಾರೂ ಬಿಚ್ಚಿ ನೋಡದ ಆ ಪುಸ್ತಕಗಳಿಂದ ಓದಿ ತಿಳಿದದ್ದು.

ಮೊದಲು ತೋಳಿನ ಪರಿಚಯ ಮಾಡಿಕೊಳ್ಳೋಣ. ಅಮೆರಿಕದ ಮಿಶಿಗನ್ ಪ್ರಾಂತದ ಬುಕಾನನ್ ಎಂಬ ಊರಿನಲ್ಲಿ ಕ್ಲಾರ್ಕ್ ಕಂಪನಿಯವರು ೧೯೧೭ರಲ್ಲಿ ತಮ್ಮದೇ ಕಾರಖಾನೆಯೊಳಗಿನ ಸಾಗಣೆಗಾಗಿ ಒಂದು ಮೋಟಾರು ಬಂಡಿಯನ್ನು ಕಟ್ಟಿದರು. ಇಂದಿನ ಫೋರ್ಕ್‌ಲಿಫ್ಟಿನ ಪೂರ್ವಜರಲ್ಲಿ ಅದೂ ಒಂದು. ಅದಕ್ಕೆ ಆಗ ಈ ತೋಳುಗಳಿರಲಿಲ್ಲ. ಅವು ಆಮೇಲೆ ಬಂದವು. ತೋಳೆಂದರೆ ಇಂಗ್ಲಿಷಿನ ಎಲ್ ಅಕ್ಷರದಂತೆ ಬಗ್ಗಿಸಿದ ಒಂದೇ ಉಕ್ಕಿನ ಪಟ್ಟಿ. ನೆಟ್ಟಗೆ ನಿಂತ ಭಾಗ ಗಾಡಿಯ ಚೌಕಟ್ಟಿಗೆ ಕೊಕ್ಕೆಯಿಂದ ತೂಗುಬಿದ್ದಿರುತ್ತದೆ. ನೆಲಕ್ಕೆ ಸಮನಾಗಿ ಚಾಚಿದ್ದು ಅಲಗು. ಅದರ ಕೊನೆ ತುದಿ. ಇವೆರಡೂ ಕೂಡುವ ಬಾಗುವಿಕೆಗೆ ಹಿಮ್ಮಡಿ ಎನ್ನೋಣ, ಇಂಗ್ಲಿಷಿನಲ್ಲಿಯೂ ಅದೇ ಹೆಸರು. ಎರಡು ಎರಡೂವರೆ ಟನ್ನಿನ ಸಾಧಾರಣ ಗಾಡಿಯಲ್ಲಿ ಅಲಗಿನ ದಪ್ಪ ಸುಮಾರು ೪೦ ಮಿಲಿಮೀಟರ್, ಅಗಲ ೧೦೦ರಿಂದ ೧೨೫, ಉದ್ದ ಒಂದು ಮೀಟರಿಗಿಂತ ತುಸು ಹೆಚ್ಚು. ಭಾರವೆಲ್ಲ ಅಲಗಿನ ಮೇಲೆ ಕುಳಿತರೂ ಆ ಭಾರದ ನೋವೆಲ್ಲ ಹಿಮ್ಮಡಿಗೆ. ಮುಂದೆ ಹೇಳುವುದಕ್ಕೆ ಈ ಒಂದು ಮಾತು ನೆನಪಿನಲ್ಲಿರಲಿ.

ಇನ್ನು ಗವಸು ಏತಕ್ಕೆ? ಉಕ್ಕು ಒರಟು, ಮಾಲು ಮೆತ್ತಗೆ. ನೂಲಿನ ಕೋನ್ ತುಂಬಿದ ರಟ್ಟಿನ ಪೆಟ್ಟಿಗೆಗೆ ತುದಿ ಸ್ವಲ್ಪ ತಗುಲಿದರೂ ಪೆಟ್ಟಿಗೆ ತೂತಾಗಿ ಒಳಗಿನ ಕೋನ್ ಕೆಡುತ್ತದೆ. ಪ್ಯಾಲೆಟ್ ಇಲ್ಲದೆ ಬಟ್ಟೆಯ ರೋಲನ್ನು ನೇರವಾಗಿ ಎತ್ತುವಲ್ಲಿ ಅಲಗಿನ ಅಂಚು ಮೇಲಿನ ನಾಲ್ಕಾರು ಸುತ್ತನ್ನು ಕೊಯ್ದುಹಾಕುತ್ತದೆ. ಕಬ್ಬಿಣದ ಬಿನ್ನನ್ನು ಎತ್ತುವಲ್ಲಿ ಬೇರೊಂದು ತೊಂದರೆ: ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ, ತಿರುವಿನಲ್ಲಿ ಬಿನ್ ಪಕ್ಕಕ್ಕೆ ಸರಿಯುತ್ತದೆ. ಅರಳೆಯ ಗೋದಾಮಿನಲ್ಲಂತೂ ತೋಳು ಸಿಮೆಂಟಿನ ನೆಲಕ್ಕೆ ಉಜ್ಜಿ ಕಿಡಿ ಹಾರಿದರೆ ಕೇಳುವುದೇ ಬೇಡ. ಬೇಲಿನೊಳಗೆ ಹೊಕ್ಕ ಬೆಂಕಿ ಹೊರಗೆ ಕಾಣದೆ ಬಹಳ ಹೊತ್ತು ಒಳಗೊಳಗೇ ಹೊಗೆಯಾಡಬಲ್ಲದು. ಇದೆಲ್ಲಕ್ಕೂ ಮಿಗಿಲಾಗಿ, ನಿಂತ ಗಾಡಿಯ ಬರಿಯ ತುದಿ ಹೋಗುಬರುವವರ ಕಣಕಾಲಿಗೆ ಬಡಿಯುವುದು ನಿತ್ಯದ ಅನುಭವ. ಇಲ್ಲಿರುವ ಕೆಲವರು ಧೋತರ, ಪ್ಯಾಂಟು ಮೇಲೆತ್ತಿದರೆ ಅದರ ಗುರುತು ಕಾಣಬಹುದು.

ಗವಸುಗಳಲ್ಲಿ ಹಲವು ಬಗೆ. ರಬ್ಬರು ಅಥವಾ ಪಾಲಿಯುರೆಥೇನ್ ಎಂಬ ಗಟ್ಟಿ ಮೆತ್ತೆಯಿಂದ ಎರಕ ಹೊಯ್ದ ಚೀಲದಂಥ ಗವಸು ಒಂದು. ಅದು ಇಡೀ ಅಲಗನ್ನು ಮುಚ್ಚುತ್ತದೆ. ತುದಿಗಷ್ಟೇ ತೊಡಿಸುವ ಟೊಪ್ಪಿಗೆ ಇನ್ನೊಂದು. ಬೆನ್ನಿಗೆ ಅಯಸ್ಕಾಂತ ಕೂಡಿಸಿದ ರಬ್ಬರಿನ ಹಾಳೆ ಮೂರನೆಯದು; ಅಲಗಿನ ಮೇಲೆ ಇಟ್ಟರೆ ಸಾಕು, ಅಂಟಿಕೊಳ್ಳುತ್ತದೆ. ನೆಲಕ್ಕೆ ಉಜ್ಜಿ ಸವೆಯದಿರಲೆಂದು ತೊಡಿಸುವ ಉಕ್ಕಿನ ಒರೆ ನಾಲ್ಕನೆಯದು. ಕಿಡಿಯ ಭಯವಿರುವಲ್ಲಿ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಉಕ್ಕಿನ ಹೊದಿಕೆ ಹಾಕುವುದುಂಟು. ಆದರೆ ಬರಿಯ ತೋಳಿಗೆ ಹಿತ್ತಾಳೆ ತೊಡಿಸಿದ ಮಾತ್ರಕ್ಕೆ ಇಡೀ ಗಾಡಿ ಅಂಥ ಸ್ಥಳಕ್ಕೆ ಯೋಗ್ಯವಾಗುವುದಿಲ್ಲ, ಮೋಟಾರು ಸ್ವಿಚ್ಚುಗಳಿಂದಲೂ ಕಿಡಿ ಬರುತ್ತದೆ. ಅಯಸ್ಕಾಂತದ ಹಾಳೆಯ ಬಗ್ಗೆ ನಮಗೆ ಅಷ್ಟು ವಿಶ್ವಾಸವಿಲ್ಲ. ಶೋರೂಮಿನಲ್ಲಿ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಗೋದಾಮಿನ ಧೂಳು, ಕಬ್ಬಿಣದ ಚೂರು, ಎಣ್ಣೆ ಇವುಗಳ ನಡುವೆ ಹದಿನೈದು ದಿನದಲ್ಲಿ ಅದರ ಹಿಡಿತ ಸಡಿಲುತ್ತದೆ.

ಐದನೆಯ ಬಗೆಯೊಂದಿದೆ, ಅದು ಯಾವ ಅಂಗಡಿಯಲ್ಲೂ ಸಿಕ್ಕುವುದಿಲ್ಲ. ಅದು ನಾವು ನೀವು ಮಾಡುವ ಗವಸು: ಗೋಣಿಚೀಲ ಸುತ್ತಿ ಸುತಳಿ ಬಿಗಿಯುವುದು, ಹಳೆಯ ಟೈರಿನ ಟ್ಯೂಬು ಎಳೆದು ತೊಡಿಸುವುದು, ಕನ್ವೇಯರ್ ಪಟ್ಟಿಯ ತುಂಡನ್ನು ತಂತಿಯಿಂದ ಕಟ್ಟುವುದು. ಹಣ ಕೊಟ್ಟು ತರಿಸುವ ಮನಸ್ಸು ಮಾಲೀಕರಿಗಿಲ್ಲ, ಮಾಲು ಹರಿದರೆ ಬೈಗುಳ ನಮಗೆ; ಹೀಗಿರುವಲ್ಲಿ ಕೆಲಸಗಾರನು ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡರೆ ಅವನನ್ನು ಹಳಿಯಲಾರೆವು. ಆದರೂ ಹೇಳಬೇಕಾದ್ದನ್ನು ಹೇಳಲೇಬೇಕು. ಗೋಣಿ ಎಣ್ಣೆ ಕುಡಿದು ಜಾರುತ್ತದೆ. ತಂತಿಯ ತುದಿ ತೋಳಿಗಿಂತ ಹೆಚ್ಚು ಪೆಟ್ಟಿಗೆ ಹರಿಯುತ್ತದೆ. ಅರಳೆಯ ಖಾತೆಯಲ್ಲಿ ಪ್ಲಾಸ್ಟಿಕ್ ಹಗ್ಗದಿಂದ ಕಟ್ಟುವುದಂತೂ ಕೂಡದು. ಅದರ ಎಳೆ ಉದುರಿ ಅರಳೆಯಲ್ಲಿ ಸೇರಿದರೆ ನೂಲಿನಲ್ಲಿ ಹೋಗುತ್ತದೆ, ಬಟ್ಟೆಗೆ ಬಣ್ಣ ಹಾಕಿದಾಗ ಆ ಎಳೆ ಬಣ್ಣ ಹಿಡಿಯದೆ ಎದ್ದು ಕಾಣುತ್ತದೆ, ಇಡೀ ತಾನು ತಿರಸ್ಕೃತವಾಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು, ಪಟ್ಟಿ ಗಟ್ಟಿಯಾಗಿ ಕೂಡಲೆಂದು ತೋಳಿಗೇ ಡ್ರಿಲ್ಲಿನಿಂದ ತೂತು ಕೊರೆದು ಬೋಲ್ಟ್ ಹಾಕುವುದು, ಇಲ್ಲವೆ ವೆಲ್ಡಿಂಗಿನಿಂದ ಒಂದು ಕೊಂಡಿ ಕೂಡಿಸುವುದು. ತೋಳಿನ ಉಕ್ಕು ಕಾಸಿ ಹದಗೊಳಿಸಿದ ಉಕ್ಕು. ವೆಲ್ಡಿಂಗಿನ ಶಾಖಕ್ಕೆ ಆ ಹದ ಕೆಡುತ್ತದೆ. ತೂತಿನ ಅಂಚಿನಿಂದ ಬಿರುಕು ಹೊರಡುತ್ತದೆ. ಗಾಡಿ ತಯಾರಿಸಿದವರ ಲಿಖಿತ ಒಪ್ಪಿಗೆಯಿಲ್ಲದೆ ತೋಳಿಗೆ ಡ್ರಿಲ್ಲನ್ನಾಗಲಿ ವೆಲ್ಡಿಂಗನ್ನಾಗಲಿ ಮುಟ್ಟಿಸಬಾರದು. ಫಿಟ್ಟರ್ ಎಷ್ಟೇ ಅನುಭವಿಯಾಗಿರಲಿ, ಈ ಮಾತಿನಲ್ಲಿ ಅವನಿಗೆ ರಿಯಾಯಿತಿ ಇಲ್ಲ.

ಗವಸು ತರಿಸುವ ಮೊದಲು ಅಳತೆ ಬೇಕು. ಕಾರಕೂನ ಬಂಧುಗಳು ಇಲ್ಲಿ ಲಕ್ಷ್ಯವಿಡಬೇಕು. ಯುರೋಪಿನ ಪ್ರಮಾಣದ ಮರದ ಪ್ಯಾಲೆಟ್ಟಿನಲ್ಲಿ ತೋಳು ಹೋಗುವ ಕಿಂಡಿಯ ಎತ್ತರ ೧೦೦ ಮಿಲಿಮೀಟರ್. ನಲವತ್ತರ ತೋಳಿಗೆ ಮೇಲೆ ಹತ್ತು ಕೆಳಗೆ ಹತ್ತು ಗವಸು ತೊಡಿಸಿದರೂ ಅರವತ್ತು, ಸುಗಮವಾಗಿ ಹೋಗುತ್ತದೆ. ಆದರೆ ಕೈಯಿಂದ ಎಳೆಯುವ ಹ್ಯಾಂಡ್ ಪ್ಯಾಲೆಟ್ ಗಾಡಿಯ ಲೆಕ್ಕ ಬೇರೆ. ಅದರ ತೋಳು ಪೂರ್ತಿ ಇಳಿದಾಗಲೂ ಸಾಮಾನ್ಯವಾಗಿ ನೆಲದಿಂದ ೮೫ ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಉಳಿದದ್ದು ಹದಿನೈದು. ಅದರಲ್ಲಿ ಹನ್ನೆರಡರ ಗವಸು ಹಾಕಿದರೆ ಮೂರೇ ಉಳಿಯಿತು. ನೆಲ ಸ್ವಲ್ಪ ಏರುಪೇರಾದರೂ ಸಿಕ್ಕಿಕೊಳ್ಳುತ್ತದೆ, ಎಳೆಯುವವನ ಸೊಂಟ ಹಿಡಿಯುತ್ತದೆ. ಐದಾರು ಮಿಲಿಮೀಟರಿನದು ಸಾಕು, ಅದೂ ಮೇಲ್ಭಾಗಕ್ಕೆ ಮಾತ್ರ. ಅದರ ಅಡಿಯಲ್ಲಿ ಚಿಕ್ಕ ಗಾಲಿಗಳಿವೆ, ಅವನ್ನು ಮುಚ್ಚುವಂತಿಲ್ಲ. ಉದ್ದವನ್ನೂ ನೋಡಬೇಕು. ಗವಸು ತುದಿಯಾಚೆಗೆ ಎರಡು ಅಂಗುಲ ಚಾಚಿದರೆ ತೋಳೂ ಎರಡು ಅಂಗುಲ ಉದ್ದವಾದಂತೆ; ನಿಮ್ಮ ಪ್ಯಾಲೆಟ್ ದಾಟಿ ಅದು ಮುಂದಿನ ಪ್ಯಾಲೆಟ್ಟಿನ ಪೆಟ್ಟಿಗೆಯನ್ನು ತಿವಿಯುತ್ತದೆ. ಉಕ್ಕಿನ ಒರೆಯಾದರೆ ಅದರ ತೂಕವನ್ನು ಗಾಡಿ ಎತ್ತಬಲ್ಲ ಭಾರದಿಂದ ಕಳೆಯಬೇಕು.

ಇನ್ನು ತೊಡಿಸುವ ಕ್ರಮ. ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ, ಬ್ರೇಕು ಹಾಕಿ, ಕೀಲಿಯನ್ನು ತೆಗೆದು ತೊಡಿಸುವವನೇ ತನ್ನ ಜೇಬಿನಲ್ಲಿಟ್ಟುಕೊಳ್ಳಬೇಕು. ತೋಳನ್ನು ಗಾಳಿಯಲ್ಲಿ ಎತ್ತಿ ನಿಲ್ಲಿಸಿ ಅದರ ಕೆಳಗೆ ಕೈಹಾಕಬಾರದು. ಗಟ್ಟಿಯಾದ ಮರದ ದಿಮ್ಮಿಯ ಮೇಲೆ ಇಳಿಸಿ ಕೂಡಿಸಬೇಕು. ಎಣ್ಣೆ ಜಿಡ್ಡನ್ನು ಪೂರ್ತಿ ಒರೆಸಬೇಕು. ಇಷ್ಟಾದ ಮೇಲೆ ಗವಸಿಗೆ ಕೈಹಾಕುವ ಆತುರ ಎಲ್ಲರಿಗೂ ಇರುತ್ತದೆ. ನಾವು ಹೇಳುವುದೇನೆಂದರೆ, ಅಲ್ಲಿಯೇ ನಿಲ್ಲಿರಿ. ಮುಚ್ಚುವ ಮೊದಲು ಉಕ್ಕನ್ನು ನೋಡಿರಿ.

ಇದಕ್ಕೆ ಐ.ಎಸ್.ಓ. ೫೦೫೭ ಎಂಬ ಅಂತರರಾಷ್ಟ್ರೀಯ ಪ್ರಮಾಣವಿದೆ. ಬಳಕೆಯಲ್ಲಿರುವ ತೋಳುಗಳನ್ನು ಹೇಗೆ ಪರೀಕ್ಷಿಸಬೇಕೆಂದು ಅದು ಹೇಳುತ್ತದೆ. ಅಲಗಿನ ದಪ್ಪ ಮೂಲಕ್ಕಿಂತ ನೂರಕ್ಕೆ ಹತ್ತರಷ್ಟು ಸವೆದರೆ ಆ ತೋಳನ್ನು ತೆಗೆದುಹಾಕಬೇಕು. ೪೦ ಇದ್ದದ್ದು ೩೬ ಆಯಿತೆಂದರೆ ಮುಗಿಯಿತು. ನಾಲ್ಕು ಮಿಲಿಮೀಟರಿಗೆ ಇಷ್ಟು ಗಡಿಬಿಡಿ ಏಕೆಂದು ಕೇಳಬಹುದು. ಬಾಗುವುದನ್ನು ತಡೆಯುವ ಶಕ್ತಿ ದಪ್ಪದ ವರ್ಗದಂತೆ ಬದಲಾಗುತ್ತದೆ. ನಲವತ್ತನ್ನು ನಲವತ್ತರಿಂದ ಗುಣಿಸಿದರೆ ೧,೬೦೦. ಮೂವತ್ತಾರನ್ನು ಮೂವತ್ತಾರರಿಂದ ಗುಣಿಸಿದರೆ ೧,೨೯೬. ಹತ್ತರಲ್ಲಿ ಒಂದು ಪಾಲು ಸವೆದರೆ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಹೋಯಿತು. ಎರಡೂವರೆ ಟನ್ನಿನ ತೋಳು ಎರಡು ಟನ್ನಿನದಾಯಿತು, ಗಾಡಿಯ ಫಲಕದ ಮೇಲೆ ಮಾತ್ರ ಎರಡೂವರೆ ಎಂದೇ ಬರೆದಿದೆ. ಸವೆಯದ ನಿಲುವು ಭಾಗದ ದಪ್ಪವನ್ನೂ ಹಿಮ್ಮಡಿಯ ದಪ್ಪವನ್ನೂ ಕ್ಯಾಲಿಪರಿನಿಂದ ಹೋಲಿಸಿ ನೋಡಿದರೆ ತಿಳಿಯುತ್ತದೆ. ಎರಡು ತುದಿಗಳ ಎತ್ತರದಲ್ಲಿ ಅಲಗಿನ ಉದ್ದದ ನೂರಕ್ಕೆ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದು ಮೀಟರಿನ ಅಲಗಿಗೆ ಅದು ೩೦ ಮಿಲಿಮೀಟರ್. ಹಿಮ್ಮಡಿಯ ಒಳಮೂಲೆಯಲ್ಲಿ ಕೂದಲೆಳೆಯಂಥ ಗೆರೆ ಕಂಡರೆ, ಅದು ಗೀರೋ ಬಿರುಕೋ ಎಂದು ವಾದ ಮಾಡುತ್ತ ನಿಲ್ಲದೆ ಗಾಡಿಯನ್ನೇ ನಿಲ್ಲಿಸಿ ತಿಳಿದವರಿಗೆ ತೋರಿಸಬೇಕು. ಈ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಬೇಕು. ಎರಡು ಮೂರು ಪಾಳಿ ಓಡುವ ಗಾಡಿಗೆ ಇನ್ನೂ ಬೇಗ. ಪ್ರತಿ ಸಲವೂ ಗವಸನ್ನು ಪೂರ್ತಿ ಕಳಚಿಯೇ ನೋಡಬೇಕು. ಗವಸಿನ ನಿಜವಾದ ಅಪಾಯ ಇದೇ: ಅದು ಮಾಲನ್ನು ಕಾಯುತ್ತದೆ, ಅದರ ಜತೆಗೆ ಬಿರುಕನ್ನೂ ಮುಚ್ಚಿಡುತ್ತದೆ. ಮಳೆಗಾಲದಲ್ಲಿ ಅದರೊಳಗೆ ನೀರು ನಿಂತು ತುಕ್ಕು ಹಿಡಿಯುವುದು ಬೇರೆ.

ಉಕ್ಕು ಸರಿಯಾಗಿದ್ದರೆ ಗವಸು ತೊಡಿಸಲು ಅಡ್ಡಿಯಿಲ್ಲ. ಬಿಗಿಯಾದ ರಬ್ಬರಿಗೆ ಸಾಬೂನಿನ ನೀರು ಸವರಿ ಎಳೆಯಬೇಕು. ಗ್ರೀಸನ್ನು ಹಚ್ಚಕೂಡದು; ಗ್ರೀಸು ಒಣಗುವುದಿಲ್ಲ, ತೊಡಿಸುವಾಗ ಜಾರಿದ್ದು ಕೆಲಸದಲ್ಲಿಯೂ ಜಾರುತ್ತದೆ. ಎರಡೂ ತೋಳಿಗೆ ಒಂದೇ ದಪ್ಪದ ಗವಸು ಇರಬೇಕು. ಒಂದು ಹರಿಯಿತೆಂದು ಒಂದನ್ನೇ ಬಿಟ್ಟು ಓಡಿಸಿದರೆ ಮಾಲು ಒಂದು ಕಡೆಗೆ ವಾಲುತ್ತದೆ. ಕೊನೆಗೆ ಪಿನ್ನು. ಗವಸಿನ ಹಿಂದಿನ ತುದಿಯಲ್ಲಿ, ಹಿಮ್ಮಡಿಯ ಹಿಂಬದಿಗೆ ಹಾಯುವಂತೆ ಒಂದು ಪಿನ್ನು ಅಥವಾ ಪಟ್ಟಿ ಇರುತ್ತದೆ. ತೋಳಿಗೆ ತೂತು ಬೇಡ. ಹಿಮ್ಮಡಿಯೇ ಅದಕ್ಕೆ ತಡೆ. ಬೆರಳಿನಷ್ಟು ಗಾತ್ರದ ಈ ಪಿನ್ನನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಆ ಪಿನ್ನಿನ ಕತೆಯನ್ನೇ ಈಗ ಹೇಳುತ್ತೇವೆ. ಗಿರಣಿಯ ಹೆಸರು ಬೇಡ, ವ್ಯಕ್ತಿಯ ಹೆಸರೂ ಬೇಡ. ರಾತ್ರಿ ಪಾಳಿಯಲ್ಲಿ ವಿಜಾಪುರ ಕಡೆಯ ಒಬ್ಬ ಡ್ರೈವರು ನೂಲಿನ ಪೆಟ್ಟಿಗೆಗಳ ಪ್ಯಾಲೆಟ್ಟನ್ನು ಎರಡನೆಯ ಅಟ್ಟಣೆಯ ಮೇಲಿಟ್ಟು ಗಾಡಿಯನ್ನು ಹಿಂದಕ್ಕೆ ತೆಗೆದನು. ಗವಸು ಹೊಸದು, ಹಿಡಿತ ಬಲವಾದದ್ದು. ಅದು ಪ್ಯಾಲೆಟ್ಟಿನ ಹಲಗೆಯನ್ನು ಹಿಡಿದುಕೊಂಡು ಮೊದಲು ಇಡೀ ಪ್ಯಾಲೆಟ್ಟನ್ನು ಗೇಣುದ್ದ ಹಿಂದಕ್ಕೆ ಎಳೆಯಿತು. ಆಮೇಲೆ ತೋಳಿನಿಂದಲೇ ಕಳಚಿ ಒಳಗೆ ಉಳಿಯಿತು. ಅಂಚಿಗೆ ಬಂದ ಪೆಟ್ಟಿಗೆಗಳು ಮೇಲಿನಿಂದ ಬಿದ್ದವು. ದೇವರ ದಯೆ, ಕೆಳಗೆ ಯಾರೂ ಇರಲಿಲ್ಲ. ಬೆಳಿಗ್ಗೆ ನಾವು ಖಾತೆಗೆ ಬರುವುದರೊಳಗೆ ಅವನ ಪಗಾರದಿಂದ ನಷ್ಟ ಕಡಿಯುವ ಚೀಟಿ ತಯಾರಾಗಿತ್ತು. ಅವನು ಹೇಳಿದ್ದು ಒಂದೇ ಮಾತು: “ಅಣ್ಣಾರ, ಗಾಡಿ ಹಿಂದ ಬಂತ್ರಿ, ಗವಸ ಒಳಗ ಉಳೀತ್ರಿ. ನಾ ಏನ್ ಮಾಡ್ಲಿ?”

ಅವನ ಮಾತು ನಿಜವೆಂದು ನಮಗೆ ತಿಳಿದಿತ್ತು. ತಿಳಿದಿದ್ದರೆ ಸಾಲದು, ಕಾಗದ ಬೇಕು. ನಾವು ಇಂಡೆಂಟ್ ಪುಸ್ತಕ ತೆಗೆದೆವು. ಗವಸು ಎರಡು, ಪಿನ್ನು ಎರಡು ಎಂದು ನಾವೇ ಬರೆದದ್ದು ಅದರಲ್ಲಿತ್ತು. ಬಂದ ಮಾಲಿನ ರಜಿಸ್ಟರಿನಲ್ಲಿ ಗವಸು ಎರಡು ಬಂದಿವೆ, ಪಿನ್ನು ಬಾಕಿ ಎಂದು ತಾರೀಖಿನ ಸಹಿತ ಬರೆದಿತ್ತು. ಪಿನ್ನು ಬರುವವರೆಗೆ ತೊಡಿಸಬೇಡಿರೆಂದು ನಾವು ಹಾಕಿದ ಟಿಪ್ಪಣಿಯೂ ಅಲ್ಲೇ ಇತ್ತು; ಅವಸರದಲ್ಲಿ ತೊಡಿಸಿದವರು ಬೇರೆ. ಡ್ರೈವರು ತನ್ನ ಉತ್ತರವನ್ನು ಕನ್ನಡದಲ್ಲಿ ಬರೆದುಕೊಟ್ಟನು, ನಾವು ಅದನ್ನು ಮರಾಠಿಗೆ ಇಳಿಸಿ ರಜಿಸ್ಟರಿನ ನಕಲುಗಳೊಡನೆ ಮೇಲಕ್ಕೆ ಕಳಿಸಿದೆವು. ವಾರದ ಮೇಲೆ ಚೀಟಿ ರದ್ದಾಯಿತು. ಪಿನ್ನುಗಳು ಮಾತ್ರ ಅದಕ್ಕಿಂತ ಬೇಗ, ಮೂರೇ ದಿನಕ್ಕೆ ಬಂದವು.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಿಬಿಡುತ್ತೇವೆ, ಏಕೆಂದರೆ ಬಹಳ ಜನಕ್ಕೆ ಇದು ಗೊತ್ತಿಲ್ಲ. ಪಗಾರದಿಂದ ನಷ್ಟ ಕಡಿಯಬೇಕಾದರೆ ಆ ಮಾಲು ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ್ದಾಗಿರಬೇಕು. ನಷ್ಟವು ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು. ಕಡಿಯುವ ಮೊದಲು ಕಾರಣ ಹೇಳಿಕೊಳ್ಳಲು ಅವನಿಗೆ ಅವಕಾಶ ಕೊಡಬೇಕು. ಆದ ನಷ್ಟಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ೧೯೩೬ರ ವೇತನ ಪಾವತಿ ಕಾಯಿದೆಯಲ್ಲಿದ್ದ ಈ ರಕ್ಷಣೆ ೨೦೧೯ರ ವೇತನ ಸಂಹಿತೆಯಲ್ಲಿಯೂ ಇದೆ. ಆದುದರಿಂದ ಯಾರಾದರೂ ಚೀಟಿ ಮುಂದಿಟ್ಟು ಸಹಿ ಮಾಡೆಂದರೆ, ಕಾರಣ ಬರೆದುಕೊಡಲು ಸಮಯ ಬೇಕೆಂದು ವಿನಯದಿಂದಲೇ ಕೇಳಿರಿ. ಬರೆಯಲು ಬಾರದವರು ಈ ವಾಚನಾಲಯಕ್ಕೆ ಬನ್ನಿರಿ, ಸಂಜೆ ಏಳರ ಮೇಲೆ ನಮ್ಮಲ್ಲಿ ಒಬ್ಬರಾದರೂ ಇರುತ್ತೇವೆ.

ಡ್ರೈವರ್ ಬಂಧುಗಳಿಗೆ ಇನ್ನೆರಡು ಮಾತು. ಗವಸು ತೊಡಿಸಿದ ಮೇಲೆ ಎರಡು ಕೈಯಿಂದ ಜಗ್ಗಿ ನೋಡಿರಿ. ಅನಂತರ ಖಾಲಿ ಪ್ಯಾಲೆಟ್ಟಿನಲ್ಲಿ ನಿಧಾನವಾಗಿ ನಾಲ್ಕೈದು ಸಲ ಒಳಗೆ ಹೊರಗೆ ಮಾಡಿರಿ; ಹಿಮ್ಮಡಿಯ ಹತ್ತಿರ ಸೀಮೆಸುಣ್ಣದಿಂದ ಒಂದು ಗೆರೆ ಹಾಕಿಟ್ಟರೆ ಗವಸು ಸರಿದದ್ದು ಕೂಡಲೆ ತಿಳಿಯುತ್ತದೆ. ಬರಿಯ ತೋಳಿನ ರೂಢಿಯವರು ಮಾಲು ಇಟ್ಟ ಕೂಡಲೆ ಹಿಂದಕ್ಕೆ ಬರುತ್ತಾರೆ. ಗವಸಿನ ಗಾಡಿಯಲ್ಲಿ ಹಾಗೆ ಆಗದು. ತೋಳು ಪ್ಯಾಲೆಟ್ಟಿನ ಮೇಲಿನ ಹಲಗೆಯಿಂದ ಪೂರ್ತಿ ಬಿಡುವಷ್ಟು ಇಳಿಸಿ, ಕೆಳಗಿನ ಹಲಗೆಗೂ ತಾಕದಂತೆ ನಡುವೆ ನಿಲ್ಲಿಸಿ, ಆಮೇಲೆ ಹಿಂದಕ್ಕೆ ತೆಗೆಯಬೇಕು. ಮಳೆಗಾಲದಲ್ಲಿ ಗವಸಿನ ಮೇಲೆ ನೀರು ಅಥವಾ ಎಣ್ಣೆ ಬಿದ್ದಿದ್ದರೆ ಒರೆಸದೆ ಎತ್ತಬೇಡಿರಿ. ಒದ್ದೆ ರಬ್ಬರಿನ ಹಿಡಿತವನ್ನು ನಂಬುವಂತಿಲ್ಲ.

ಗವಸು ತರಿಸುವ ಕಾರಕೂನರಿಗಾಗಿ ಒಂದು ಚೀಟಿ ಸಿದ್ಧಪಡಿಸಿದ್ದೇವೆ: ಅಲಗಿನ ಅಗಲ, ಹಿಮ್ಮಡಿಯಲ್ಲಿ ದಪ್ಪ, ತುದಿಯಲ್ಲಿ ದಪ್ಪ, ಉದ್ದ, ಪ್ಯಾಲೆಟ್ ಕಿಂಡಿಯ ಎತ್ತರ, ಮಾಲಿನ ಬಗೆ, ಪಿನ್ನು ಎಷ್ಟು. ಕೊನೆಯದನ್ನು ಬೇರೆ ಸಾಲಿನಲ್ಲಿಯೇ ಬರೆಯಬೇಕು, ಗವಸಿನ ಹೊಟ್ಟೆಯಲ್ಲಿ ಸೇರಿಸಿ ಬರೆಯಬಾರದು. ಚೀಟಿ ಕನ್ನಡದಲ್ಲಿದೆ, ಹಿಂಬದಿಯಲ್ಲಿ ಮರಾಠಿಯಲ್ಲಿದೆ. ಪತ್ರಿಕೆಗಳ ಮೇಜಿನ ಎಡಗಡೆಯ ಖಾನೆಯಲ್ಲಿ ಇಟ್ಟಿದ್ದೇವೆ, ಬೇಕಾದವರು ತೆಗೆದುಕೊಳ್ಳಬಹುದು. ಮುಂದಿನ ಭಾನುವಾರ ನಾವು ಒಂದು ಕ್ಯಾಲಿಪರನ್ನು ತರುತ್ತೇವೆ. ಅದರಿಂದ ಅಳೆಯುವುದನ್ನು ಕಲಿಯಬಯಸುವವರು ಪತ್ರಿಕೆ ಓದುವವರಿಗೆ ತೊಂದರೆಯಾಗದಂತೆ ಹೊರಗಿನ ಪಡಸಾಲೆಯಲ್ಲಿ ಹತ್ತು ಗಂಟೆಗೆ ಸೇರತಕ್ಕದ್ದು.